ಲೇಬಲ್‌ನಲ್ಲಿ ಹೆಕ್ಟೇರು, ಉತಾರದಲ್ಲಿ (ಪಹಣಿಯಲ್ಲಿ) ಗುಂಟೆ: ಎಣ್ಣೆ (ಕೀಟನಾಶಕ) ಹೊಡೆಯುವ ಮುಂಚೆ ಈ ಲೆಕ್ಕ ಮಾಡಿ

ಹಾವೇರಿ, ರಾಣೆಬೆನ್ನೂರು ಕಡೆ ಗೋವಿನಜೋಳಕ್ಕೆ ಲದ್ದಿ ಹುಳ ಬಿತ್ತು ಅಂದರೆ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಪ್ರಶ್ನೆ ಒಂದೇ: "ಸರ್, ಪಂಪಿಗೆ ಎಷ್ಟು ಹಾಕ್ಬೇಕ್ರೀ?" ನಾನು ತಿರುಗಿ ಮೂರು ಕೇಳುತ್ತೇನೆ. ಬೆನ್ನಿಗೆ ಹಾಕುವ ಪಂಪು ಎಷ್ಟು ಲೀಟರಿನದು? ಹೊಲ ಎಷ್ಟು ಗುಂಟೆ? ಎಕರೆಗೆ ಎಷ್ಟು ಪಂಪು ಹೊಡೆಯುತ್ತೀರಿ? ಮೂರನೇದು ಯಾಕೆ ಬೇಕು ಅಂತ ಬಹಳ ಜನ ಕೇಳುತ್ತಾರೆ. ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ.

ಈ ಹುಳಕ್ಕೆ ಸಾಮಾನ್ಯವಾಗಿ ಹೇಳುವ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ (ನೂರಕ್ಕೆ 5 ಭಾಗ ಔಷಧ ಇರುವ, ನೀರಲ್ಲಿ ಕರಗುವ) ಪುಡಿಯನ್ನೇ ತಗೊಳ್ಳಿ. ಲೀಟರ್ ನೀರಿಗೆ 0.4 ಗ್ರಾಂ. ಚುಕ್ಕೆ ಬಿಟ್ಟು 4 ಅಂತ ಓದಿದರೆ ಹತ್ತು ಪಟ್ಟು ಜಾಸ್ತಿ ಆಯಿತು, ಹಾಗಾಗಿ ಮೊದಲು ಚುಕ್ಕೆ ನೋಡಿ. 15 ಲೀಟರಿನ ಪಂಪಿಗೆ 6 ಗ್ರಾಂ ಬರುತ್ತದೆ. ಬ್ಯಾಟರಿ ಪಂಪು 16, 18, 20 ಲೀಟರಿನದೂ ಇರುತ್ತದೆ, ಹೊಸದು ತಂದಾಗ ಹಳೇ ಅಳತೆಯನ್ನೇ ಮುಂದುವರಿಸಬೇಡಿ.

ಇನ್ನು ಅಸಲಿ ವಿಷಯ. ಲೀಟರಿಗೆ ಇಷ್ಟು ಅಂತ ಹೇಳುವಾಗ, ಹೆಕ್ಟೇರಿಗೆ 500 ಲೀಟರ್ ನೀರು ಹೊಡೆಯುತ್ತೀರಿ ಅಂತ ಮೊದಲೇ ಹಿಡಿದಿರುತ್ತಾರೆ. ಅಂದರೆ ಹೆಕ್ಟೇರಿಗೆ 200 ಗ್ರಾಂ ಪುಡಿ. ಒಂದು ಹೆಕ್ಟೇರು ಸುಮಾರು 2.47 ಎಕರೆ, ಹಾಗಾಗಿ ಎಕರೆಗೆ 200 ಲೀಟರ್ ನೀರು, 80 ಗ್ರಾಂ ಪುಡಿ, ಹದಿಮೂರು ಪಂಪಿನ ಮೇಲೆ ಚೂರು. ಬಿಸಿಲು ಏರಿತು ಅಂತ ಏಳು ಪಂಪಿಗೇ ಮುಗಿಸಿದರೆ, ಪಂಪಿಗೆ 6 ಗ್ರಾಂ ಸರಿಯಾಗಿಯೇ ಹಾಕಿದ್ದರೂ ಎಕರೆಗೆ ಬಿದ್ದದ್ದು 42 ಗ್ರಾಂ, ಹತ್ತಿರ ಹತ್ತಿರ ಅರ್ಧ, ಆಮೇಲೆ ಎಣ್ಣೆಯೇ ಡುಪ್ಲಿಕೇಟು ಅಂತ ಅಂಗಡಿಯವರ ಜೊತೆ ಜಗಳ. ಬೆಳೆ ಇನ್ನೂ ಸಣ್ಣದಿದ್ದು ಬರೀ ಸುಳಿಗೆ ಹೊಡೆಯುವಾಗ ಕಡಿಮೆ ನೀರು ಸಾಕಾಗಬಹುದು. ಎದೆ ಮಟ್ಟದ ಬೆಳೆಗೆ ಸಾಲುವುದಿಲ್ಲ. ಇದಕ್ಕೆ ಉಲ್ಟಾ, ಹೆಕ್ಟೇರಿನ 200 ಗ್ರಾಮನ್ನು ಎಕರೆಗೇ ಸುರಿದರೆ ಎರಡೂವರೆ ಪಟ್ಟು. ಹೊಡೆಯುವವರ ಮೈಮೇಲೂ ಅಷ್ಟು ಜಾಸ್ತಿ ಬೀಳುತ್ತದೆ ಅಲ್ವಾ?

ನಮ್ಮ ಉತಾರದಲ್ಲಿ ಇರುವುದು ಎಕರೆ, ಗುಂಟೆ. ಗುಂಟೆಗೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ ಸುಮಾರು 101 ಚದರ ಮೀಟರ್. ಹೆಕ್ಟೇರಿಗೆ 10,000 ಚದರ ಮೀಟರ್. ಹಾಗಾಗಿ ಹೆಕ್ಟೇರಿನ ಡೋಸನ್ನು 100ರಿಂದ ಭಾಗಿಸಿ, ಗುಂಟೆಯ ಡೋಸು ಸಿಕ್ಕಿತು. ನೂರಕ್ಕೆ ಒಂದರಷ್ಟು ವ್ಯತ್ಯಾಸ ಬರುತ್ತದೆ, ಹೊಲದಲ್ಲಿ ಅದು ಲೆಕ್ಕಕ್ಕಿಲ್ಲ. ಗುಂಟೆಗೆ 2 ಗ್ರಾಂ ಪುಡಿ, 5 ಲೀಟರ್ ನೀರು. ಹೊಲ 1 ಎಕರೆ 25 ಗುಂಟೆ ಇದ್ದರೆ 65 ಗುಂಟೆ: 130 ಗ್ರಾಂ, 325 ಲೀಟರ್, 15 ಲೀಟರಿನ ಪಂಪಿನಲ್ಲಿ ಸುಮಾರು 22 ಪಂಪು. ಬೇರೆ ಯಾವ ಎಣ್ಣೆಗೂ ಇದೇ ದಾರಿ, ಹೆಕ್ಟೇರಿನ ಅಂಕಿ ಮಾತ್ರ ಆ ಲೇಬಲ್ ನೋಡಿ ಹಿಡಿಯಿರಿ.

6 ಗ್ರಾಂ ಅಳೆಯೋದು ಹೇಗೆ? ಬಾಟಲಿ ಮುಚ್ಚಳದಲ್ಲಿ ಬೇಡ. ಮಿಲಿ ಅಂದರೆ ಜಾಗದ ಅಳತೆ, ಗ್ರಾಂ ಅಂದರೆ ತೂಕ. ನೀರಿಗೆ ಮಾತ್ರ ಒಂದು ಮಿಲಿಗೆ ಒಂದು ಗ್ರಾಂ ಹೊಂದುತ್ತದೆ, ಪುಡಿಗೆ ಹೊಂದುವುದಿಲ್ಲ. ಎಕರೆಯ 80 ಗ್ರಾಮನ್ನು ಸಣ್ಣ ತಕ್ಕಡಿಯಲ್ಲಿ ಒಮ್ಮೆ ತೂಗಿ, ನೀರಿನಲ್ಲಿ ಕದಡಿ ಒಟ್ಟು 1300 ಮಿಲಿ ಮಾಡಿಕೊಳ್ಳಿ. ಪ್ರತಿ ಪಂಪಿಗೆ 100 ಮಿಲಿ ಹಾಕಿ. ಪ್ರತಿ ಸಲ ಕೋಲಿನಿಂದ ಕಲಸಿ, ಕೈಗೆ ಗ್ಲೌಸ್ ಇರಲಿ, ಮತ್ತು ಅಳೆಯುವ ಮಗ್ಗು ಮನೆ ಬಳಕೆಗೆ ಹೋಗಕೂಡದು. ಉಳಿದದ್ದನ್ನು ನಾಳೆಗೆ ಇಡಬೇಡಿ.

ಡ್ರೋನ್ ಕರೆಸುವವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಡ್ರೋನ್ ಎಕರೆಗೆ ಸುಮಾರು 10 ಲೀಟರ್ ನೀರಲ್ಲೇ ಮುಗಿಸುತ್ತದೆ. ಲೀಟರಿಗೆ 0.4 ಗ್ರಾಂ ಅಂತ ಹಾಕಿದರೆ ಎಕರೆಗೆ ಬೀಳುವುದು ಬರೀ 4 ಗ್ರಾಂ, ಹುಳಕ್ಕೆ ಏನೂ ಆಗುವುದಿಲ್ಲ. ಅಲ್ಲಿ ಎಕರೆಯ ಡೋಸಿನ ಮೇಲೇ ಮಾತಾಡಿ. ಆ ಎಣ್ಣೆಯನ್ನು ಡ್ರೋನಿನಲ್ಲಿ ಹೊಡೆಯಲು ಅನುಮತಿ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿಕೊಳ್ಳಿ.