ಬೀವರ್ ಟೋಪಿಯ ಬೆನ್ನು ಹತ್ತಿ

ಉಣ್ಣೆಯ ಸ್ವೆಟರನ್ನು ಬಿಸಿನೀರಲ್ಲಿ ತಿಕ್ಕಿ ಒಗೆದು ನೋಡಿ. ಎಳೆಗಳೆಲ್ಲ ಹೆಣೆದುಕೊಂಡು, ಕುಗ್ಗಿ, ದಪ್ಪ ರೊಟ್ಟಿಯಂತಾಗುತ್ತದೆ. ಬೀವರ್ ಎಂಬ ಪ್ರಾಣಿಯ ಒಳತುಪ್ಪಳವೂ ಹೀಗೇ. ಅದರ ಕೂದಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿವೆ. ಬಿಸಿ, ತೇವ ಕೊಟ್ಟು ಒತ್ತಿದರೆ ಒಂದನ್ನೊಂದು ಕಚ್ಚಿಕೊಂಡು ಫೆಲ್ಟ್ ಎಂಬ ಗಟ್ಟಿ, ದಪ್ಪ ಬಟ್ಟೆಯಾಗುತ್ತದೆ. ಅದರಲ್ಲಿ ಮಾಡಿದ ಟೋಪಿ ಮಳೆಗೆ ಜಗ್ಗುವುದಿಲ್ಲ. 17ನೇ ಶತಮಾನದ ಯುರೋಪಿನ ಸಾಹುಕಾರರಿಗೆ ಇಂಥ ಟೋಪಿಯೇ ಬೇಕಿತ್ತು. ಅಲ್ಲಿನ ಬೀವರ್‌ಗಳು ಆಗಲೇ ಬಹುಪಾಲು ಖಾಲಿ. ಉತ್ತರ ಅಮೆರಿಕದಲ್ಲಿ ಬೇಕಾದಷ್ಟಿದ್ದವು.

ತಮಾಷೆಯೆಂದರೆ, ಬೆಲೆ ಜಾಸ್ತಿ ಇದ್ದದ್ದು ಹಳೇ ಚರ್ಮಕ್ಕೆ! ಅಲ್ಲಿನ ಮೂಲನಿವಾಸಿಗಳು ಬೀವರ್ ಚರ್ಮವನ್ನು ತುಪ್ಪಳ ಮೈಗೆ ತಾಗುವಂತೆ ಹೊದೆಯುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಒರಟು ಹೊರಗೂದಲು ಉದುರಿ, ಬೆವರು ಜಿಡ್ಡು ಹತ್ತಿ, ಒಳತುಪ್ಪಳ ಹದವಾಗಿರುತ್ತಿತ್ತು. ಟೋಪಿ ಮಾಡುವವರಿಗೆ ಅರ್ಧ ಕೆಲಸ ತಪ್ಪಿತು. ಯಾರೋ ಹೊದ್ದು ಬಿಟ್ಟದ್ದನ್ನು ಲಂಡನ್, ಪ್ಯಾರಿಸ್ಸಿನ ದೊಡ್ಡವರು ತಲೆಮೇಲೆ ಹೊತ್ತು ತಿರುಗಿದರು.

ಬೀವರ್ ವಲಸೆ ಹೋಗುವ ಪ್ರಾಣಿಯಲ್ಲ. ಹೊಳೆಗೆ ಕಟ್ಟೆ ಕಟ್ಟಿ, ಕೊಂಬೆ ಕೆಸರಿನ ಗೂಡಿನಲ್ಲಿ ಇಡೀ ಸಂಸಾರ ಒಟ್ಟಿಗಿರುತ್ತದೆ. ವರ್ಷಕ್ಕೆ ಒಂದೇ ಸೂಲು, ಮೂರ್ನಾಲ್ಕು ಮರಿ. ಗೂಡು ಸಿಕ್ಕರೆ ಸಂಸಾರವೇ ಸಿಕ್ಕಂತೆ. ಒಂದು ಹೊಳೆ ಬರಿದಾದರೆ ಪಕ್ಕದ ಹೊಳೆ, ಅದೂ ಮುಗಿದರೆ ಅದರಾಚೆಯದು. ವ್ಯಾಪಾರಿಗಳು ಪಶ್ಚಿಮಕ್ಕೆ ಸರಿಯುತ್ತಲೇ ಹೋದದ್ದು ಹೀಗೆ. ಖಂಡದ ನಕ್ಷೆ ಅದರ ಜೊತೆಗೇ ತಯಾರಾಯಿತು.

ದಾರಿ ಗೊತ್ತಿದ್ದದ್ದು ಕ್ರೀ, ಒಜಿಬ್ವೆ ಮುಂತಾದ ಮೂಲನಿವಾಸಿ ಜನರಿಗೆ. ಬರ್ಚ್ ಮರದ ತೊಗಟೆಯ ಹಗುರ ದೋಣಿಯೂ ಅವರದ್ದೇ. ಜಲಪಾತ ಅಡ್ಡ ಬಂದರೆ ದೋಣಿ, ಸರಕು ಎರಡನ್ನೂ ಹೊತ್ತು ನಡೆಯಬೇಕು. ಒಂದೊಂದು ಮೂಟೆ ಸುಮಾರು 40 ಕಿಲೋ, ಒಬ್ಬ ಆಳಿಗೆ ಒಮ್ಮೆಗೆ ಎರಡು. ಭಾರವೆಲ್ಲ ಹಣೆಗೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ. 1793ರಲ್ಲಿ ತುಪ್ಪಳದ ವ್ಯಾಪಾರಿ ಅಲೆಕ್ಸಾಂಡರ್ ಮೆಕೆಂಜಿ ಪೆಸಿಫಿಕ್ ತೀರ ಮುಟ್ಟಿದ. ಕೆಂಪು ಬಣ್ಣಕ್ಕೆ ಕೊಬ್ಬು ಕಲಸಿ, ಬಂಡೆಯ ಮೇಲೆ ತನ್ನ ಹೆಸರು, ತಾರೀಕು ಬರೆದ. ದಾರಿ ತೋರಿದವರ ಹೆಸರು ಅಲ್ಲಿಲ್ಲ.

ಅದಕ್ಕೂ ಮೊದಲು, 1670ರಲ್ಲಿ, ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್, ಇಂದಿನ ಕೆನಡಾದ ಹಡ್ಸನ್ ಕೊಲ್ಲಿಗೆ ಹರಿಯುವ ನದಿಗಳ ನೆಲವನ್ನೆಲ್ಲ ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಗೆ ಬರೆದುಕೊಟ್ಟಿದ್ದ. ಸುಮಾರು 39 ಲಕ್ಷ ಚದರ ಕಿಲೋಮೀಟರ್, ಇಂದಿನ ಭಾರತಕ್ಕಿಂತ ದೊಡ್ಡದು. ಅಲ್ಲಿ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಟೋಪಿ ಹಾಕೋದು ಅಂದರೆ ಇದೇ ಅಲ್ವಾ? ವ್ಯಾಪಾರದ ದಾರಿಯಲ್ಲೇ ಸಿಡುಬೂ ಒಳನಾಡಿಗೆ ಹೋಯಿತು. 1780ರ ದಶಕದ ಆರಂಭದಲ್ಲಿ ಹಳ್ಳಿಗೆ ಹಳ್ಳಿಯೇ ಸತ್ತಿತು.

ಕಡೆಗೆ ರೇಷ್ಮೆ ಟೋಪಿ ಬಂತು, ಬೀವರ್‌ನ ಬೆಲೆ ಬಿತ್ತು. 1870ರಲ್ಲಿ ಕಂಪನಿಯ ನೆಲ ಕೆನಡಾಕ್ಕೆ ಸೇರಿತು, 3 ಲಕ್ಷ ಪೌಂಡಿಗೆ. ಆಗಲೂ ಅಲ್ಲಿದ್ದವರನ್ನು ಕೇಳಲಿಲ್ಲ. ಆದರೆ ವ್ಯಾಪಾರಿಗಳಿಗೂ ಮೂಲನಿವಾಸಿ ಹೆಂಗಸರಿಗೂ ಹುಟ್ಟಿದವರ ವಂಶದ ಮೇಟಿ ಜನ ಈ ಸಲ ಸುಮ್ನಿರಲಿಲ್ಲ. ಮಾರಾಟದ ಮಾತು ಕಿವಿಗೆ ಬೀಳುತ್ತಲೇ ಅದೇ ನೆಲದ ರೆಡ್ ನದಿಯ ಬದಿಯಲ್ಲಿ ತಮ್ಮ ಮುಖಂಡ ಲೂಯಿ ರಿಯೆಲ್‌ನ ಜೊತೆ ನಿಂತು ತಮ್ಮದೇ ಸರ್ಕಾರ ಕಟ್ಟಿಕೊಂಡರು.