ಚಪ್ಪಲಿ ಕಳಚುವುದು ಯಾವ ನರದಿಂದ?

ನನ್ನ ಓಪಿಡಿಗೆ ಬಂದ ಬಸ್ ಕಂಡಕ್ಟರ್ ಒಬ್ಬರು ಕೂರುವ ಮೊದಲೇ ಎಂಆರ್‌ಐ ಕವರನ್ನು ಮೇಜಿನ ಮೇಲಿಟ್ಟರು. 'ಫಿಲ್ಮ್ ಆಮೇಲೆ ನೋಡೋಣ, ಮೊದಲು ಕಾಲು ತೋರಿಸಿ' ಅಂದೆ. ಎರಡು ತಿಂಗಳಿಂದ ಬಲ ಪೃಷ್ಠದಲ್ಲಿ ಶುರುವಾಗಿ, ತೊಡೆಯ ಹೊರಬದಿಯಿಂದ ಇಳಿದು ಪಾದದ ಮೇಲ್ಭಾಗದವರೆಗೆ ಸೆಳೆತ. ಕೆಮ್ಮಿದರೆ ಕರೆಂಟ್ ಹೊಡೆದ ಹಾಗೆ. ಎಲ್ಲ ಹೇಳಿ ಮುಗಿಸಿದ ಮೇಲೆ ಏನೋ ನೆನಪಾಗಿ, 'ಸಾರ್, ಇನ್ನೊಂದು. ಮನೇಲಿ ಹವಾಯಿ ಚಪ್ಪಲಿ ಹಾಕ್ಕೊಂಡು ನಡೀತಿದ್ರೆ ಬಲಗಾಲಿಂದು ಕಳಚಿ ಹಿಂದೇನೇ ಉಳಿದುಬಿಡತ್ತೆ. ನಾಲ್ಕು ಹೆಜ್ಜೆ ಹೋದ್ಮೇಲೆ ಗೊತ್ತಾಗೋದು' ಅಂದರು.

ಸೊಂಟದ ಡಾಕ್ಟರಿಗೆ ಇದಕ್ಕಿಂತ ಬೆಲೆಬಾಳುವ ಮಾತು ಇನ್ನೊಂದಿಲ್ಲ. ಕಾಲಿನ ಹೆಬ್ಬೆರಳು ಎತ್ತಿ ಹಿಡಿಯಲು ಹೇಳಿ ನನ್ನ ಬೆರಳಿನಿಂದ ಕೆಳಕ್ಕೆ ಒತ್ತಿದೆ. ಎಡಗಾಲಿನದು ಜಗ್ಗಲಿಲ್ಲ, ಬಲಗಾಲಿನದು ಸುಲಭವಾಗಿ ಬಗ್ಗಿತು. ಹಿಮ್ಮಡಿಯ ಮೇಲೆ ನಡೆಸಿದರೆ ಬಲ ಮುಂಗಾಲು ನೆಲಕ್ಕೆ ತಾಗುತ್ತಿತ್ತು. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಡೆಯಲು ಮಾತ್ರ ಏನೂ ತೊಂದರೆ ಇರಲಿಲ್ಲ. ಅದು ಎಸ್-1 ನರಬೇರಿನ ಕೆಲಸ (ಎಲ್ ಅಂದರೆ ಸೊಂಟದ ನರ, ಎಸ್ ಅಂದರೆ ಅದರ ಕೆಳಗಿನ ತ್ರಿಕಾಸ್ಥಿಯ ನರ; ಅಂಕಿ ಮೇಲಿನಿಂದ ಎಣಿಕೆ). ಸುತ್ತಿಗೆಯಿಂದ ತಟ್ಟಿದಾಗ ಮಂಡಿಯೂ ಸರಿಯಾಗಿ ಚಿಮ್ಮಿತು. ಅಂದರೆ ಎಲ್-4 ಚೆನ್ನಾಗಿದೆ. ಹಿಸುಕಿಕೊಂಡಿರುವುದು ಹೆಬ್ಬೆರಳನ್ನು ಎತ್ತಿ ಚಪ್ಪಲಿ ಹಿಡಿದಿಡುವ ಎಲ್-5 ಎಂದು ಬರೆದಿಟ್ಟು ಆಮೇಲೆ ಫಿಲ್ಮ್ ತೆಗೆದೆ.

ಅವರು ರಿಪೋರ್ಟ್ ಮೊದಲೇ ಓದಿಕೊಂಡಿದ್ದರು. 'ಇದರಲ್ಲಿ ಎಲ್-4, ಎಲ್-5 ಮಧ್ಯದ ಡಿಸ್ಕ್ ಅಂತ ಇದೆ. ನಾಲ್ಕನೇ ನರ ತಾನೆ ಸಿಕ್ಕಿಹಾಕಿಕೊಳ್ಳಬೇಕಾದ್ದು?' ಡಿಸ್ಕ್ ಅಂದರೆ ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ, ಒಳಗೆ ಮೃದುವಾದ ತಿರುಳು. ಪ್ರಶ್ನೆ ನ್ಯಾಯವಾದದ್ದೇ. ಎಲ್-4 ನರ ಹೊರಬೀಳುವ ಕಿಂಡಿ ಇರುವುದು ಆ ಎರಡು ಮೂಳೆಗಳ ನಡುವೆಯೇ.

ಬೆನ್ನುಹುರಿ ಸೊಂಟದ ತಳದವರೆಗೆ ಬರುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನೀರಿನಂಥ ದ್ರವದಲ್ಲಿ ತೇಲುತ್ತ ಇಳಿಯುವುದು ಬಿಡಿಬಿಡಿ ನರಬೇರುಗಳು. ಕುದುರೆಯ ಬಾಲದ ಹಾಗೆ ಕಾಣುವುದರಿಂದ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಅದೇ ಹೆಸರು. ಪ್ರತಿ ಮಟ್ಟದಲ್ಲೂ ಎಡಕ್ಕೊಂದು, ಬಲಕ್ಕೊಂದು ಬೇರು ಗುಂಪು ಬಿಟ್ಟು ಹೊರಬೀಳುತ್ತದೆ.

'ನಿಮ್ಮ ಬಸ್ಸಿನಲ್ಲಿ ಒಂದು ಸ್ಟಾಪ್ ದಾಟಿದ ತಕ್ಷಣ ಬಾಗಿಲ ಹತ್ತಿರ ಯಾರಿರ್ತಾರೆ?' ಎಂದು ಕೇಳಿದೆ. 'ಮುಂದಿನ ಸ್ಟಾಪಲ್ಲಿ ಇಳಿಯೋರು ಸಾರ್, ಮೊದಲೇ ಬಂದು ನಿಂತ್ಕೊಂಡಿರ್ತಾರೆ.' ಹಾಗೆಯೇ ಇದು. ಎಲ್-4 ನರ ಕಿಂಡಿಯ ಮೇಲ್ಭಾಗದಿಂದ, ಡಿಸ್ಕ್‌ಗಿಂತ ಮೇಲೆಯೇ, ಇಳಿದು ಹೋಗಿಬಿಟ್ಟಿರುತ್ತದೆ. ಡಿಸ್ಕಿನ ಹಿಂದೆ ಅಂಚಿಗೆ ಸರಿದು ನಿಂತಿರುವುದು ಮುಂದಿನ ಕಿಂಡಿಯಲ್ಲಿ ಇಳಿಯಬೇಕಾದ ಎಲ್-5. ತಿರುಳು ಹೊರಬಿದ್ದಾಗ ಪೆಟ್ಟು ಅದಕ್ಕೇ. ತಿರುಳು ಕಿಂಡಿಯೊಳಕ್ಕೆ ಅಥವಾ ಅದನ್ನೂ ದಾಟಿ ಹೊರಗೆ ಸಿಡಿದರೆ ಇಳಿದು ಹೋದ ಎಲ್-4 ಸಿಕ್ಕಿಕೊಳ್ಳುತ್ತದೆ. ಆಗ ನೋವು ತೊಡೆಯ ಮುಂಭಾಗಕ್ಕೆ ಬರುತ್ತದೆ, ಮಂಡಿಯ ಚಿಮ್ಮು ತಗ್ಗುತ್ತದೆ. ಶಸ್ತ್ರಚಿಕಿತ್ಸೆಯ ದಾರಿಯೂ ಬೇರೆಯಾಗುತ್ತದೆ.

ಇಷ್ಟು ವಿವರಿಸುವುದಕ್ಕೆ ಕಾರಣವಿದೆ. ಯಾವ ನೋವೂ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ ಡಿಸ್ಕ್ ಉಬ್ಬಿರುವುದು ಕಾಣುತ್ತದೆ; ಇಪ್ಪತ್ತರ ಹರೆಯದಲ್ಲಿ ಸುಮಾರು 30%, ಎಂಬತ್ತರಲ್ಲಿ 80%ಕ್ಕೂ ಹೆಚ್ಚು ಜನರಲ್ಲಿ. ಕಾಲು ಹೇಳುವ ನರವೂ ಫಿಲ್ಮ್ ತೋರಿಸುವ ನರವೂ ಒಂದೇ ಆಗಿದ್ದರೆ ಮಾತ್ರ ನಾನು ಚಾಕು ಹಿಡಿಯುತ್ತೇನೆ. ಆಗಲೂ ಅವಸರವಿಲ್ಲ. ಡಿಸ್ಕ್ ಜಾರಿ ಕಾಲುನೋವು ಬಂದವರಲ್ಲಿ ಬಹುಪಾಲು ಜನ ಆರರಿಂದ ಹನ್ನೆರಡು ವಾರದಲ್ಲಿ ಆಪರೇಷನ್ ಇಲ್ಲದೆಯೇ ಸುಧಾರಿಸುತ್ತಾರೆ. ಕಂಡಕ್ಟರಿಗೆ ಎರಡು ತಿಂಗಳು ಕಳೆದಿತ್ತು, ಬೆರಳಿನ ಶಕ್ತಿಯೂ ಇಳಿಯುತ್ತಿತ್ತು. ಅದಕ್ಕೇ ಆಪರೇಷನ್ ಎಂದೆ.

ಜಾರಿದ ಡಿಸ್ಕೇ ಕಾಲುನೋವಿನ ಮೂಲ ಎಂದು ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟಾಗ ಬೆನ್ನನ್ನು ಅಗಲವಾಗಿ ತೆರೆಯಬೇಕಿತ್ತು. 1977ರ ಹೊತ್ತಿಗೆ ಮೈಕ್ರೋಸ್ಕೋಪ್ ಬಂತು, 1997ರಲ್ಲಿ ಅಮೆರಿಕದ ಫೋಲಿ ಮತ್ತು ಸ್ಮಿತ್ ಕೊಳವೆಯ ವಿಧಾನವನ್ನು ಪ್ರಕಟಿಸಿದರು. ನಾನು ಮಾಡಿದ್ದು ಇದನ್ನೇ. ಎಕ್ಸ್-ರೇ ನೋಡುತ್ತ ಸೂಜಿಯಿಟ್ಟು ಮಟ್ಟ ಖಚಿತಪಡಿಸಿಕೊಂಡು, ಸುಮಾರು ಎರಡು ಸೆಂಟಿಮೀಟರ್ ಗಾಯ. ಅದರೊಳಗೆ ತೆಳ್ಳನೆಯ ಕೊಳವೆ, ಅದರ ಮೇಲೆ ಸ್ವಲ್ಪ ದಪ್ಪದ್ದು, ಮತ್ತೆ ಇನ್ನೊಂದು. ಸ್ನಾಯುವಿನ ಎಳೆಗಳು ಕತ್ತರಿಸಿಕೊಳ್ಳದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಕೊನೆಯ ಕೊಳವೆ 18 ಮಿಲಿಮೀಟರ್ ಅಗಲ. ತಳದಲ್ಲಿ ಮೂಳೆಯ ಅಂಚನ್ನು ಚೂರು ಕೊರೆದು, ಹಳದಿ ಪೊರೆ ಬಿಡಿಸಿದರೆ ಎಲ್-5 ಕಾಣುತ್ತದೆ. ಬೆಳ್ಳಗಿರಬೇಕಾದ ಬೇರು ಅವರಲ್ಲಿ ಕೆಂಪಗೆ ಊದಿ, ಬಿಗಿದ ತಂತಿಯ ಹಾಗಿತ್ತು. ಮೆಲ್ಲಗೆ ಒಳಕ್ಕೆ ಸರಿಸಿದರೆ ಅಡಿಯಲ್ಲಿ ತಿರುಳು, ಬಲಿತ ಎಳನೀರಿನ ಗಂಜಿಯ ಹಾಗೆ. ಹಿಡಿದೆಳೆದಾಗ ಕಡಲೆಕಾಯಿಯಷ್ಟು ದೊಡ್ಡ ತುಂಡು ಬಂತು. ನರ ಸಡಿಲಾಯಿತು.

ಗಾಯ ಚಿಕ್ಕದು ಎನ್ನುವ ಒಂದೇ ಕಾರಣಕ್ಕೆ ಯಾರೂ ಈ ವಿಧಾನ ಬಯಸಿ ಬರಬಾರದು. ಕಾಲುನೋವು ಇಳಿಯುವ ಮಟ್ಟಿಗೆ ಹಳೆಯ ಮೈಕ್ರೋಸ್ಕೋಪ್ ವಿಧಾನದ ಫಲವೂ ಹೆಚ್ಚುಕಡಿಮೆ ಇಷ್ಟೇ. ಕೊಳವೆಯ ಉದ್ದೇಶ ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುವನ್ನು ಉಳಿಸುವುದು. ನಿಮ್ಮ ಸರ್ಜನ್ನರನ್ನು ಗಾಯ ಎಷ್ಟುದ್ದ ಎಂದು ಕೇಳುವ ಮೊದಲು, ಯಾವ ನರ ಎಂದು ಕೇಳಿ.

ಮಾರನೆಯ ಬೆಳಿಗ್ಗೆ ಅವರ ಕಾಲುಸೆಳೆತ ಹೋಗಿತ್ತು. ಹೆಬ್ಬೆರಳು ಮಾತ್ರ ಹಾಗೇ ಇತ್ತು. ಹಿಸುಕಿದ ನರಕ್ಕೆ ಶಕ್ತಿ ಮರಳಲು ತಿಂಗಳುಗಳು ಬೇಕು, ಕೆಲವರಲ್ಲಿ ಪೂರ್ತಿ ಮರಳುವುದೂ ಇಲ್ಲ. ಅವರಿಗೆ ನಾಲ್ಕನೇ ತಿಂಗಳಲ್ಲಿ ಚಪ್ಪಲಿ ಕಾಲಲ್ಲಿ ನಿಂತಿತು.

ವಾರಗಟ್ಟಲೆ ಕಾಯಬಹುದು ಎಂದೆನಲ್ಲ, ಅದು ಎಲ್ಲರಿಗೂ ಅಲ್ಲ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಸೋರಿದರೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಎರಡೂ ಕಾಲು ಸೋತರೆ, ಆ ಇಡೀ ಕುದುರೆಬಾಲವೇ ಹಿಸುಕಿಕೊಂಡಿರಬಹುದು. ಬೆಳಗಾಗಲಿ ಎನ್ನಬೇಡಿ, ಸೊಂಟ ತಿಕ್ಕಿಸಲು ಹೋಗಬೇಡಿ. ಎಂಆರ್‌ಐ ಮತ್ತು ಸರ್ಜನ್ ಎರಡೂ ಇರುವ ಆಸ್ಪತ್ರೆಗೆ ಆ ರಾತ್ರಿಯೇ ಹೊರಡಿ.