ರೊಟ್ಟಿ ಬಡಿಯುವವರು ಯಾರು?

ಸಮಾಜಕಾರ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರತಿ ವರ್ಷ ಕ್ಷೇತ್ರಕಾರ್ಯಕ್ಕೆಂದು ನಮ್ಮಲ್ಲಿಗೆ ಬರುತ್ತಾರೆ. ವಾರದ ಕೊನೆಗೆ ಅವರ ವರದಿ ಪುಸ್ತಕಗಳನ್ನು ತಿದ್ದುವುದು ನನ್ನ ಪಾಲಿನ ಕೆಲಸ. ಹಳ್ಳಿ ಬದಲಾದರೂ, ಬರೆದವರು ಬದಲಾದರೂ, ಒಂದು ಸಾಲು ಮಾತ್ರ ಬದಲಾಗುವುದಿಲ್ಲ: “ಮಗುವಿನ ತಾಯಿಗೆ ತಿಳಿವಳಿಕೆ ನೀಡಲಾಯಿತು, ಅವರು ಒಪ್ಪಿದರು, ಆದರೆ ಚಿಕಿತ್ಸೆಗೆ ಬರಲಿಲ್ಲ; ಕಾರಣ: ಅನಕ್ಷರತೆ ಮತ್ತು ಮೂಢನಂಬಿಕೆ.” ವಿದ್ಯಾರ್ಥಿಗಳನ್ನು ಮಾತ್ರ ದೂರಿ ಫಲವಿಲ್ಲ. ಇಪ್ಪತ್ತು ವರ್ಷ ಸೇವೆ ಮಾಡಿದವರ ರಿಜಿಸ್ಟರಿನಲ್ಲಿಯೂ ಇದೇ ಸಾಲು ಇದೆ, ಅಕ್ಷರ ಮಾತ್ರ ಇನ್ನಷ್ಟು ಅವಸರದ್ದು. ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕುವುದು ‘ಮೂಢನಂಬಿಕೆ’ಯ ಮೇಲಲ್ಲ, ‘ಒಪ್ಪಿದರು’ ಎಂಬ ಪದದ ಮೇಲೆ.

ರಾಯಚೂರು ಸೀಮೆಯಲ್ಲಿ ‘ಆತ್ರಿ’ (ಆಯಿತು ರೀ) ಎನ್ನುವುದು ಒಪ್ಪಿಗೆಯ ಮಾತಲ್ಲ, ಮರ್ಯಾದೆಯ ಮಾತು. ಮನೆ ಬಾಗಿಲಿಗೆ ಬಂದವರು ಓದಿದವರು, ಕೈಯಲ್ಲಿ ಕಾಗದ ಹಿಡಿದವರು, ಕೆಲವೊಮ್ಮೆ ಜೀಪಿನಿಂದ ಇಳಿದವರು. ಅವರ ಮಾತನ್ನು ನಡುವೆ ಕಡಿಯಬಾರದು, ಎದುರಾಡಬಾರದು ಎಂಬುದು ಇಲ್ಲಿ ಸೊಸೆಯಾಗಿ ಬಂದ ಪ್ರತಿ ಹೆಣ್ಣುಮಗಳೂ ಕಲಿತ ಪಾಠ. ಹಾಗಾಗಿ ಆಕೆ ತಲೆಯಾಡಿಸಿ ‘ಆತ್ರಿ ಮೇಡಂ’ ಎನ್ನುತ್ತಾಳೆ. ಅದರ ಅರ್ಥ ‘ನೀವು ಹೇಳಿದ್ದು ಕಿವಿಗೆ ಬಿತ್ತು’ ಎಂದಿರಬಹುದು, ‘ಮನೆಯಲ್ಲಿ ಕೇಳಿ ನೋಡುತ್ತೇನೆ’ ಎಂದಿರಬಹುದು, ‘ಬಿಸಿಲೇರುವ ಮೊದಲು ನಾನು ಹೊಲ ಸೇರಬೇಕು, ಬೇಗ ಮುಗಿಸಿ’ ಎಂದೂ ಇರಬಹುದು. ‘ಬರುತ್ತೇನೆ’ ಎಂದೂ ಇರಬಹುದು, ಆದರೆ ಅದು ನಾಲ್ಕರಲ್ಲಿ ಒಂದು ಅರ್ಥ ಮಾತ್ರ. ಇದನ್ನು ನಾನು ಪ್ರತಿ ತರಬೇತಿಯಲ್ಲಿ ಹೇಳುತ್ತೇನೆ, ಎಲ್ಲರೂ ನಗುತ್ತಾರೆ, ಬರೆದುಕೊಳ್ಳುತ್ತಾರೆ, ಕೊನೆಯಲ್ಲಿ ‘ಆತ್ರಿ ಮೇಡಂ’ ಎನ್ನುತ್ತಾರೆ. ಮರುವಾರ ವರದಿ ಪುಸ್ತಕದಲ್ಲಿ ಮತ್ತೆ ‘ಒಪ್ಪಿದರು’.

ನಾವು ಆ ತಾಯಿಯಿಂದ ಕೇಳುತ್ತಿರುವುದು ಏನೆಂಬುದನ್ನು ಒಮ್ಮೆ ಲೆಕ್ಕ ಹಾಕೋಣ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದು, ಟೇಪು ತೀವ್ರ ಅಪೌಷ್ಟಿಕತೆಯ ಕೆಂಪು ಬಣ್ಣ ತೋರಿಸಿದ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸಬೇಕೆಂದು ವೈದ್ಯರು ಹೇಳಿದರೆ, ತಾಯಿ ಸಾಮಾನ್ಯವಾಗಿ 14 ದಿನ ಮಗುವಿನೊಂದಿಗೆ ಅಲ್ಲಿಯೇ ಉಳಿಯಬೇಕು. ಆರಂಭದ ದಿನಗಳಲ್ಲಿ ಎರಡು ಮೂರು ತಾಸಿಗೊಮ್ಮೆ, ರಾತ್ರಿಯೂ ಸೇರಿ, ಅಳತೆ ಮಾಡಿದ ಹಾಲಿನ ಮಿಶ್ರಣ ಕುಡಿಸಬೇಕು. ಕೂಲಿ ನಷ್ಟಕ್ಕೆ ಪರಿಹಾರವಿದೆ ಎಂದು ನಾವು ಉತ್ಸಾಹದಿಂದ ಹೇಳುತ್ತೇವೆ. ಅದು ಬ್ಯಾಂಕ್ ಖಾತೆಗೆ ಆಮೇಲೆ ಬರುವ ಹಣ, ಸಂತೆಯ ದಿನ ಕೈಯಲ್ಲಿರಬೇಕಾದ ಹಣವಲ್ಲ ಎಂಬುದನ್ನು ಹೇಳುವುದಿಲ್ಲ. ಹಣಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಆ 14 ದಿನ ಆ ಮನೆಯ ಒಲೆಯ ಮುಂದೆ ಕೂರುವವರು ಯಾರು?

ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕಲಿಯಲಿಲ್ಲ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹತ್ತಿ ಬಿಡಿಸುವ ಕಾಲದಲ್ಲಿ, ಒಂದೂವರೆ ವರ್ಷದ ಗಂಡು ಕೂಸೊಂದಕ್ಕಾಗಿ ನಾವು ಮೂರು ಸಲ ಒಂದೇ ಮನೆಗೆ ಹೋಗಿದ್ದೆವು. ತಾಯಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಮತ್ತೆ ಬಸುರಿಯಾಗಿದ್ದರಿಂದ ಕೂಸಿಗೆ ಹಾಲು ಬಿಡಿಸಿದ್ದಳು. ಮೂರು ಸಲವೂ ಆಕೆ ‘ಆತ್ರಿ’ ಎಂದಿದ್ದಳು, ಮೂರು ಸಲವೂ ಆಶಾ ಕಾರ್ಯಕರ್ತೆ ಬಸ್ಸಿನ ಹೊತ್ತಿಗೆ ನಿಲ್ದಾಣದಲ್ಲಿ ಕಾದು ಮನೆಗೆ ಮರಳಿದ್ದಳು. ನಾಲ್ಕನೆಯ ಸಲ ತಾಯಿ ಹೊಲಕ್ಕೆ ಹೋಗಿದ್ದಳು. ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಯ ಪಕ್ಕದಲ್ಲಿ ನಾನು ಕುಳಿತೆ. ಬೇರೆ ಕೆಲಸವಿಲ್ಲದ್ದರಿಂದ ಕುಳಿತೆ ಎಂಬುದನ್ನು ಒಪ್ಪಿಕೊಳ್ಳಬೇಕು. ಆ ದಿನ ನನಗೆ ಯಾವ ಒಳನೋಟವೂ ಇರಲಿಲ್ಲ.

“ಅಜ್ಜಿ, ಮೊಮ್ಮಗನ್ನ ದವಾಖಾನಿಗೆ ಕಳಸಾಕ ನಿಮಗೇನರ ಅಡ್ಡಿ ಐತೇನ್ರಿ?” ಎಂದು ಕೇಳಿದೆ.

“ನನಗ್ಯಾಕ ಅಡ್ಡಿ, ಯವ್ವಾ? ನನ್ನ ಯಾರರ ಕೇಳ್ಯಾರೇನು?” ಎಂದರು.

ಯಾರೂ ಕೇಳಿರಲಿಲ್ಲ. ಮೂರು ಭೇಟಿಗಳಲ್ಲಿ ನಾವು ಅವರ ಮುಂದೆಯೇ ಹಾದು ಒಳಗೆ ಹೋಗಿ, ನಿರ್ಧಾರ ಮಾಡುವ ಅಧಿಕಾರವೇ ಇಲ್ಲದ ಸೊಸೆಗೆ ಪ್ರೋಟೀನಿನ ಪಾಠ ಹೇಳಿ ಬಂದಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಬಲಗೈಯನ್ನು ಚಾಚಿ ತೋರಿಸಿದರು. ಎಂದೋ ಬಿದ್ದು ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು, ಅಂಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. “ಮನ್ಯಾಗ ಏಳು ಮಂದಿ. ಆಕಿ ಹದಿನಾಕ ದಿನ ಅಲ್ಲಿ ಕುಂತರ ರೊಟ್ಟಿ ಬಡಿಯೋರು ಯಾರು, ನೀನ ಹೇಳು.” ಜೋಳದ ರೊಟ್ಟಿಯನ್ನು ಬಡಿದು ತೆಳ್ಳಗೆ ಮಾಡಲು ಬೇಕಾದದ್ದು ಬಿಚ್ಚಿದ ಅಂಗೈ, ಅದಿಲ್ಲದ ಮನೆಯಲ್ಲಿ ಸೊಸೆ ಒಬ್ಬಳೇ ಒಲೆ. ನಮ್ಮ ರಿಜಿಸ್ಟರಿನಲ್ಲಿ ಇದಕ್ಕೆ ‘ಅನಕ್ಷರತೆ’ ಎಂಬ ಹೆಸರು ಬಿದ್ದಿತ್ತು.

ಇದೇ ತಪ್ಪು ದೊಡ್ಡ ಯೋಜನೆಗಳಲ್ಲಿಯೂ ನಡೆಯುತ್ತದೆ. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ ಆರಂಭವಾದಾಗ, ಗರ್ಭಿಣಿಯರು ಮತ್ತು ಬಾಣಂತಿಯರು ಅಂಗನವಾಡಿಗೆ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕೆಂಬ ವ್ಯವಸ್ಥೆಯಾಯಿತು. ಅನ್ನ, ಸಾರು, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ: ತಟ್ಟೆಯಲ್ಲಿ ಹಾಕಿದ್ದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಮನೆಗೆ ಕೊಟ್ಟ ಆಹಾರ ಎಲ್ಲರಿಗೂ ಹಂಚಿಹೋಗುತ್ತದೆ, ಎದುರಿಗೆ ಕೂರಿಸಿ ಉಣ್ಣಿಸಿದರೆ ಆಕೆಯ ಹೊಟ್ಟೆಗೇ ಸೇರುತ್ತದೆ ಎಂಬ ಯೋಚನೆಯೂ ಸರಿಯಾದದ್ದೇ. ಆದರೆ ಎಷ್ಟೋ ಮನೆಗಳಲ್ಲಿ ಸೊಸೆ ಉಣ್ಣುವುದು ಎಲ್ಲರದೂ ಆದ ಮೇಲೆ. ಆಕೆ ಮಾವನ ಕಣ್ಣೆದುರು ಮನೆಯಿಂದ ಹೊರಟು, ಬಿಸಿಲಿನಲ್ಲಿ ಬೇರೆ ಓಣಿಗೆ ನಡೆದು, ಎಲ್ಲರಿಗಿಂತ ಮೊದಲು ಮೊಟ್ಟೆ ತಿಂದು ಬರಬೇಕಿತ್ತು. ಬಾಣಂತಿಗಂತೂ ಹೊಸ್ತಿಲು ದಾಟುವ ದಿನ ಬಂದಿರುವುದಿಲ್ಲ. ಅಂಗನವಾಡಿ ಯಾವ ಓಣಿಯಲ್ಲಿದೆ, ಅಲ್ಲಿ ಅಡುಗೆ ಮಾಡುವ ಸಹಾಯಕಿ ಯಾವ ಜಾತಿಯವಳು ಎಂಬ ಲೆಕ್ಕವೂ ಕೆಲವೆಡೆ ಇತ್ತು, ಇದೆ. ಅದನ್ನು ಯಾರೂ ನಮ್ಮ ಮುಂದೆ ಬಾಯಿಬಿಟ್ಟು ಹೇಳುವುದಿಲ್ಲ. ‘ಆತ್ರಿ, ನಾಳೆ ಬರ್ತೀನ್ರಿ’ ಎನ್ನುತ್ತಾರೆ.

ಮೊದಲ ಹೆರಿಗೆಗೆ ತವರಿಗೆ ಹೋಗುವುದು, ಹತ್ತಿ ಮುಗಿದ ಮೇಲೆ ಮೇಸ್ತ್ರಿಯ ಮುಂಗಡ ತೀರಿಸಲು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ವಿಸ್ತರಿಸುವುದಿಲ್ಲ. ಹೆಸರು ಒಂದು ಊರಿನಲ್ಲಿ, ಮನುಷ್ಯರು ಇನ್ನೊಂದು ಊರಿನಲ್ಲಿ ಇದ್ದಾಗ ‘ಗೈರು’ ಎಂದು ಬರೆಯುವ ಮೊದಲು ಯಾವ ಊರಿನಲ್ಲಿ ಹಾಜರಿದ್ದಾರೆ ಎಂದು ಕೇಳಿದರೆ ಸಾಕು.

ಭಾಷೆಯ ವಿಷಯವನ್ನು ಮಾತ್ರ ಹಾಗೆ ದಾಟಿಹೋಗಲಾಗದು. ಸಿಂಧನೂರು ಸೀಮೆಯ ಒಂದೇ ದಿನದ ತಿರುಗಾಟದಲ್ಲಿ ತೆಲುಗು ಮಾತನಾಡುವ ಕ್ಯಾಂಪು, ಬಂಗಾಳಿ ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪು, ಲಂಬಾಣಿ ತಾಂಡಾ, ಉರ್ದು ಮಾತಿನ ಓಣಿ ಎಲ್ಲವೂ ಎದುರಾಗುತ್ತವೆ. ಅಲ್ಲಿ ಶಾಲೆಗೆ ಹೋಗುವ ಹತ್ತು ವರ್ಷದ ಹುಡುಗಿಯನ್ನು ದುಭಾಷಿಯಾಗಿ ನಿಲ್ಲಿಸಿಕೊಂಡು, ಆಕೆಯ ತಾಯಿಗೆ ಮುಟ್ಟು, ಬಿಳಿಮುಟ್ಟು, ಸಂತಾನಹರಣ ಚಿಕಿತ್ಸೆಯ ಬಗ್ಗೆ ಪ್ರಶ್ನೆ ಕೇಳುವ ಸಿಬ್ಬಂದಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉತ್ತರ ಬಾರದಿದ್ದಾಗ ‘ಸಂಕೋಚ ಸ್ವಭಾವ’ ಎಂದು ಬರೆದುಕೊಂಡರು.

ಕೆಲವು ಮೌನಗಳಿಗೆ ಕಾರಣ ನಮ್ಮ ಅರ್ಜಿ ನಮೂನೆಯೇ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ರಾಜ್ಯದ ಕಾನೂನು 1982ರಲ್ಲೇ ಬಂತು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಆ ಪದ್ಧತಿಗೆ ಸಿಕ್ಕ ತಾಯಂದಿರು ಇಂದಿಗೂ ಇದ್ದಾರೆ. ‘ತಂದೆಯ ಹೆಸರು?’ ಎಂದು ಸಾಲಿನಲ್ಲಿ ನಿಂತವರೆಲ್ಲರ ಮುಂದೆ ಗಟ್ಟಿಯಾಗಿ ಕೇಳಿದ ಮೇಜಿಗೆ ಆಕೆ ಎರಡನೆಯ ಸಲ ಬರುವುದಿಲ್ಲ. ಹದಿನೆಂಟು ತುಂಬದೆ ಮದುವೆಯಾಗಿ ಬಸುರಿಯಾದ ಹುಡುಗಿಯ ಮನೆಯವರು ವಯಸ್ಸನ್ನು ಸುಳ್ಳು ಹೇಳುತ್ತಾರೆ, ನೋಂದಣಿಯನ್ನು ತಡಮಾಡುತ್ತಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯೂ 2012ರ ಪೋಕ್ಸೊ ಕಾಯ್ದೆಯೂ ಅವರಿಗೆ ಗೊತ್ತಿರುವುದರಿಂದಲೇ ಹಾಗೆ ಮಾಡುತ್ತಾರೆ, ಗೊತ್ತಿಲ್ಲದ್ದರಿಂದಲ್ಲ. ನಾನು ಕಾನೂನಿನ ವಿರುದ್ಧ ಮಾತನಾಡುತ್ತಿಲ್ಲ. ವರದಿ ಮಾಡುವುದು ನಮ್ಮ ಕರ್ತವ್ಯ, ನಾನೂ ಮಾಡಿದ್ದೇನೆ. ಆದರೆ ಭಯದಿಂದ ದೂರ ಉಳಿದವರನ್ನು ಅಜ್ಞಾನದಿಂದ ಉಳಿದವರೆಂದು ಬರೆದರೆ, ಮುಂದೆ ಯಾವ ದಾರಿಯಿಂದ ಅವರನ್ನು ತಲುಪಬೇಕೆಂಬುದೇ ತಪ್ಪಿಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು, ಏಕೆಂದರೆ ನನ್ನ ಮಾತನ್ನು ಕೇಳಿದ ಕೆಲವು ಹೊಸ ಕಾರ್ಯಕರ್ತೆಯರು ಎಲ್ಲ ವಿಷಯಕ್ಕೂ ನೇರವಾಗಿ ಅತ್ತೆಯ ಬಳಿಗೇ ಹೋಗಲು ಆರಂಭಿಸಿದ್ದರು. ಮಗುವಿನ ಆಹಾರ, ಚುಚ್ಚುಮದ್ದು, ಆಸ್ಪತ್ರೆಗೆ ದಾಖಲು ಇಂಥವುಗಳಲ್ಲಿ ಮನೆಯ ಹಿರಿಯರನ್ನು ಜೊತೆಗೆ ಕೂರಿಸಿಕೊಳ್ಳುವುದು ಬಹುಮಟ್ಟಿಗೆ ಸರಿ. ಹೊಡೆತ ಬಡಿತ, ಗರ್ಭನಿರೋಧ, ಎಚ್‌ಐವಿ ಪರೀಕ್ಷೆಯ ಫಲಿತಾಂಶ ಇಂಥವುಗಳಲ್ಲಿ ಆಕೆಯ ಅನುಮತಿಯಿಲ್ಲದೆ ಮನೆಯವರ ಕಿವಿಗೆ ಹಾಕುವುದು ಅಪಾಯ ಮತ್ತು ವೃತ್ತಿದ್ರೋಹ. ಹಾಗೆಯೇ, ಜ್ವರ, ಉಬ್ಬಿದ ಪಾದ, ಹಸಿವೆಯೇ ಇಲ್ಲದ ಕೂಸಿನ ಮುಂದೆ ಕುಳಿತು ಕುಟುಂಬದ ಪದ್ಧತಿಗಳ ಅಧ್ಯಯನ ಮಾಡುವಂತಿಲ್ಲ; ಮೊದಲು ವೈದ್ಯರು, ಆಮೇಲೆ ಉಳಿದದ್ದು.

ಈಚೆಗೆ ಒಂದು ಬದಲಾವಣೆಯನ್ನು ಗಮನಿಸುತ್ತಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಬಸ್ಸಿನ ಹಣಕ್ಕಾಗಿ ಗಂಡನ ಮುಂದೆ ಕೈಚಾಚಬೇಕಿಲ್ಲದ ಹೆಣ್ಣುಮಕ್ಕಳು ತಾವಾಗಿಯೇ ಬರುವುದು ನಮ್ಮ ಮಟ್ಟಿಗೆ ಹೆಚ್ಚಾದಂತೆ ಕಾಣುತ್ತದೆ. ಇದು ನನ್ನ ಮೇಜಿನ ಮುಂದೆ ಕಂಡದ್ದು ಮಾತ್ರ, ಜಿಲ್ಲೆಯ ಲೆಕ್ಕವೆಂದು ಯಾರೂ ಉಲ್ಲೇಖಿಸಬಾರದು. ಆದರೆ ಹಿಂದೆ ‘ಆಸಕ್ತಿಯಿಲ್ಲ’ ಎಂದು ಬರೆಸಿಕೊಂಡ ಕೆಲವರು ಅವರಲ್ಲಿ ಇದ್ದರು ಎಂಬುದನ್ನು ನಾನು ಗುರುತಿಸಿದೆ.

ದೇವದುರ್ಗದ ಆ ಕೂಸಿನ ವಿಷಯಕ್ಕೆ ಬರುತ್ತೇನೆ. ಹಾಲು ಬಿಡಿಸಿದ ಕೂಸಾದ್ದರಿಂದ ತಾಯಿಯ ಬದಲು ಅಜ್ಜಿಯೇ ಜೊತೆಗಿರಬಹುದೇ ಎಂದು ಕೇಂದ್ರದವರನ್ನು ಕೇಳಿದೆ. ಸ್ವಲ್ಪ ಗೊಣಗಿ ಒಪ್ಪಿದರು. ಅಜ್ಜಿ ಒಂದು ಷರತ್ತು ಹಾಕಿದರು: “ಅಮಾಸಿ ಕಳದ ಮ್ಯಾಲೆ.” ವೃತ್ತಿಯ ಮೊದಲ ವರ್ಷಗಳಲ್ಲಾಗಿದ್ದರೆ ನಾನು ಅಮಾವಾಸ್ಯೆಯ ಬಗ್ಗೆ ಅರ್ಧ ತಾಸು ವಾದ ಮಾಡಿ, ಗೆದ್ದು, ಕೂಸನ್ನು ಕಳೆದುಕೊಳ್ಳುತ್ತಿದ್ದೆ. ಕೂಸಿಗೆ ಜ್ವರವಿರಲಿಲ್ಲ, ತಿನ್ನುತ್ತಿತ್ತು. ವೈದ್ಯರನ್ನು ಫೋನಿನಲ್ಲಿ ಕೇಳಿದಾಗ ಎರಡು ದಿನ ಕಾಯಬಹುದು, ಆದರೆ ದಿನಾ ನೋಡಿಬರಬೇಕು ಎಂದರು. ಪಾಡ್ಯದ ಬೆಳಿಗ್ಗೆ ಅಜ್ಜಿ ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಸೊಸೆ ಬಡಿದುಕೊಟ್ಟ ಖಡಕ್ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದರು. ಹನ್ನೆರಡನೆಯ ದಿನ ಸಂಬಂಧಿಕರ ಮನೆಯ ಕುಬಸಕ್ಕೆಂದು (ಸೀಮಂತಕ್ಕೆಂದು) ಯಾರಿಗೂ ಹೇಳದೆ ಊರಿಗೆ ಹೋಗಿ, ಮರುದಿನ ಸಂಜೆ ಕೂಸಿನೊಂದಿಗೆ ಮರಳಿ ಬಂದು ಎಲ್ಲರಿಂದ ಬೈಸಿಕೊಂಡರು.

ನನ್ನೊಂದಿಗೆ ಬಂದಿದ್ದ ವಿದ್ಯಾರ್ಥಿ, ಹಿಂದಿನ ಮೂರು ಸಲದ ಗೈರಿಗೆ ರಿಜಿಸ್ಟರಿನಲ್ಲಿ ಏನು ಬರೆಯಬೇಕೆಂದು ಕೇಳಿದ. ‘ಕಾರಣ’ ಎಂಬ ಅಂಕಣ ಎರಡು ಬೆರಳಿನಷ್ಟು ಅಗಲ. ಕಂಡದ್ದನ್ನು ಬರೆ ಎಂದೆ. ಆತ ‘ಅತ್ತೆಯ ಬಲಗೈ ಮಣಿಕಟ್ಟು’ ಎಂದು ಬರೆದ. ಮುಂದಿನ ತಿಂಗಳ ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿಯೊಬ್ಬರು ಆ ಸಾಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಇದು ಮಗುವಿಗೆ ಬರುವ ಯಾವ ಕಾಯಿಲೆ ಎಂದು ಕೇಳಿದರು.